ಅಂಬಿನ ಸ್ವಾಮಿ ಊರು ಬಿಟ್ಟ ಬೆಳಗು

ಚರ್ಚಿನ ಗೂಡು ಬರಿದಾಗಿತ್ತು!

ಊರಿಗೆ ಧರ್ಮಪಾಠ ಹೇಳುವ ಉಪದೇಶಿ ಇನ್ನಾಸಪ್ಪನ ಕೈಯಿಂದ ಬೀಗದಕೈ ಜಾರಿತು. ಎರಡು ಮೊಳದ ಮರದ ಪ್ರತಿಮೆ—ಸಂತ ಸೆಬಾಸ್ತಿಯಾನಪ್ಪ—ಇಲ್ಲ! ಮೈಗೆ ನೆಟ್ಟಿದ್ದ ಐದು ಬೆಳ್ಳಿ ಅಂಬುಗಳು ಮಾತ್ರ ಪೀಠದ ಮೇಲಿದ್ದವು.

೧೯೪೦ರ ಜನವರಿ. ಮಳವಳ್ಳಿ ಬಳಿಯ ಆ ಕ್ರೈಸ್ತರ ಹಳ್ಳಿಯಲ್ಲಿ ಮೂರು ದಿನದಿಂದ ಇಲಿಗಳು ಸತ್ತು ಬೀಳುತ್ತಿದ್ದವು. ಪ್ಲೇಗು! ಸುತ್ತಲಿನ ಊರಿನವರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಇವರು ಕದಲಿರಲಿಲ್ಲ. ನಂಬಿಕೆಗಾಗಿ ರೋಮಿನಲ್ಲಿ ಬಾಣ ತಿಂದ ಸಿಪಾಯಿ, ಪ್ಲೇಗು ತಡೆಯುವ ಸ್ವಾಮಿ ಊರೊಳಗೇ ಇರುವಾಗ ಓಡುವುದೇಕೆ?

“ಸ್ವಾಮಿ ಊರು ಬುಟ್ಟೋಗವ್ನೆ ಕಣ್ರಪ್ಪೋ!” ಯಾರೋ ಚೀರಿದರು. ಹೆಂಗಸರು ಮಕ್ಕಳನ್ನು ಅವುಚಿಕೊಂಡರು. ಗಂಡಸರು ಗಾಡಿಗೆ ಸಾಮಾನು ಹೇರತೊಡಗಿದರು.

ಪ್ಲೇಗಿನ ಬಂದೋಬಸ್ತಿಗೆ ಪಕ್ಕದೂರಿನಲ್ಲಿದ್ದ ಪೊಲೀಸ್ ದಫೇದಾರ್ ದೊಡ್ಡಸಿದ್ದಯ್ಯ ಬಿಸಿಲೇರುವ ಮೊದಲೇ ಬಂದರು.

“ಬೀಗ ಒಡೆದಿದೆಯೇ?”

“ಇಲ್ಲ ಬುದ್ಧಿ. ಬೀಗದಕೈ ನನ್ ಸೊಂಟದಾಗೇ ಇತ್ತು.”

“ಹಾಗಾದರೆ ಕಳ್ಳ ನೀನೇ?”

ಇನ್ನಾಸಪ್ಪ ಕೈ ಮುಗಿದ. “ಮನೇಲಿ ನಾಕು ಮಕ್ಕಳವೆ. ಸ್ವಾಮೀನ ಕಳ್ಕೊಂಡು ನಾ ಎಲ್ಲಿಗೋಗ್ಲಿ?”

“ನಿನ್ನೆ ಒಳಗೆ ಬಂದವರು?”

“ಕಿಟಕಿ ಸರಿಮಾಡೋಕೆ ಬಡಗಿ ಚಿನ್ನಪ್ಪ. ಸಂಜೆ ಕಸ ಗುಡಿಸೋಕೆ ಚೌರಮ್ಮ. ಆಮ್ಯಾಕೆ ನಾನೇ ಬೀಗ ಹಾಕ್ದೆ.”

“ಗೂಡು ನೋಡಿದೆಯಾ?”

“ಕತ್ಲಾಗಿತ್ತು… ನೋಡ್ಲಿಲ್ಲ.”

ಜನ ಚಿನ್ನಪ್ಪನತ್ತ ತಿರುಗಿದರು. ಅವನು ಹಿಂದೆ ಸರಿದ. “ನಾನಲ್ಲ! ಸ್ವಾಮೀನ ಮುಟ್ಟಿ ಸಾಯ್ಲಾ?”

ದಫೇದಾರರು ಬೀದಿಗಿಳಿದು, ಹೇರಿದ ಪ್ರತಿ ಗಾಡಿಯ ಚಾಪೆಯನ್ನೂ ಮುಟ್ಟುತ್ತ ನಡೆದರು. ಮುದಿ ವಿಧವೆ ಚೌರಮ್ಮನ ಗಾಡಿಯ ಮುಂದೆ ನಿಂತರು.

“ಕಳ್ಳನಾಗಿದ್ದರೆ ಬೆಳ್ಳಿ ಬಿಡುತ್ತಿರಲಿಲ್ಲ. ಉಳಿದ ಚಾಪೆಗಳೆಲ್ಲ ಒಣಗಿಯೇ ಇವೆ—ಸುದ್ದಿ ಕೇಳಿ ಈಗ ಹೊದಿಸಿದ್ದು. ನಿನ್ನದು ಇಬ್ಬನಿಯಲ್ಲಿ ತೊಯ್ದಿದೆ—ರಾತ್ರಿಯೇ ಹೊದಿಸಿದ್ದು. ಸ್ವಾಮಿ ಹೋಗುವುದು ನಿನಗೆ ನಿನ್ನೆಯೇ ಹೇಗೆ ಗೊತ್ತಾಯಿತು, ಚೌರಮ್ಮ?”

ಮುದುಕಿ ಚಾಪೆ ಸರಿಸಿದಳು. ಹುಲ್ಲಿನಲ್ಲಿ ಸ್ವಾಮಿ ಮಲಗಿದ್ದ.

“ಅಂಬು ಮುರಿದಾವು ಅಂತ ಕಿತ್ತಿಟ್ಟೆ. ಓದ್ ಸಲದ್ ಪ್ಲೇಗ್ನಾಗೆ ಇಲ್ಲೇ ಕುಂತು ಪ್ರಾರ್ಥ್ನೆ ಮಾಡಿದ್ವಲ್ಲಾ? ನನ್ನೆರಡು ಮಕ್ಳೂ ಸತ್ತೋದೋ. ಅಂಬು ತಾಕಿದ್ ಸ್ವಾಮೀನ ನನ್ನಂಗೇ ಒಬ್ಳು ಮುಂಡೆ ಒತ್ಕೊಂಡೋಗಿ ಉಳಿಸ್ಕೊಂಡ್ಳು ಅಂತ ಸ್ವಾಮಿ ಕತೇಲಿ ನೀವೇ ಯೋಳಿಲ್ವಾ, ಉಪದೇಸಿಗಳೇ? ಈವಯ್ಯ ಮುಂದೋದ್ರೆ ನೀವೂ ಬತ್ತೀರಿ ಅಂತ…”

ಬೈಯಲು ಮುಂದೆ ಬಂದಿದ್ದ ಇನ್ನಾಸಪ್ಪ ಸ್ವಾಮಿಯ ಮೇಲೆ ಮತ್ತೆ ಚಾಪೆ ಹೊದಿಸಿದ. ಅವನು ಬಗ್ಗಿ, ಚೌರಮ್ಮನ ಗಾಡಿಯ ನೊಗವನ್ನು ಎತ್ತುಗಳ ಹೆಗಲಿಗೇರಿಸಿದ.

“ನೀ ಮುಂದೆ ನಡಿಯವ್ವ,” ಎಂದ. “ನಾವು ನಿನ್ ಗಾಡಿ ಇಂದ್ಲೇ ಬತ್ತೀವಿ.”