ಖಾಲಿ ಬರಬಾರದ ಡಬ್ಬಿ

ವಾಪಸ್ ಹೋಗಿಬಿಡಲಾ?... ಇದೇ ವಿಮಾನದಲ್ಲಿ?

ಕೊಲಂಬೊ ವಿಮಾನ ನಿಲ್ದಾಣದ ಕಸ್ಟಮ್ಸ್ ಸಾಲಿನಲ್ಲಿ ನಿಂತಿದ್ದ ಸಪ್ನಾ ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿದ್ದಳು. ಸುರಪುರದ ಹತ್ತಿರದ ದೇವಾಪುರದ ಹುಡುಗಿ, ಯಾದಗಿರಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಬೆನ್ನಿಗೊಂದು ಬ್ಯಾಗು ಏರಿಸಿ ಮೊದಲ ಸಲ ದೇಶ ದಾಟಿದ್ದಳು. ಜೊತೆಗೆ ಬರಬೇಕಿದ್ದ ಗೆಳತಿ ಪರಿಮಳಾಳಿಗೆ ದಿಢೀರನೆ ನಿಶ್ಚಿತಾರ್ಥ ನಿಗದಿಯಾಗಿ, ಇವಳು ಒಬ್ಬಳೇ ಹೊರಟಿದ್ದಳು.

‘ಒಬ್ಬಾಕಿನೇ ತಿರಗತೀನಿ ಅಂತ ಅಪ್ಪನ ಮುಂದ ಜಂಬ ಕೊಚ್ಚಿದೆ... ಈಗ ನೋಡು, ಓಡಿಹೋಗಾಕ ದಾರಿ ಹುಡಕಾಕತ್ತೀನಿ!’

ಅಷ್ಟರಲ್ಲಿ ಅಧಿಕಾರಿ ಅವಳ ಬ್ಯಾಗಿನಿಂದ ಬಟ್ಟೆಯ ಗಂಟೊಂದನ್ನು ಹೊರತೆಗೆದ. ಅವ್ವ ಕಟ್ಟಿಕೊಟ್ಟ ಬುತ್ತಿ! ಖಡಕ್ ಜೋಳದ ರೊಟ್ಟಿಗಳು, ಒಂದು ಸ್ಟೀಲ್ ಡಬ್ಬಿ ತುಂಬ ಶೇಂಗಾ ಚಟ್ನಿ.

ಅವನು ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ. ಟಕ್... ಟಕ್.

“ಇದೇನು? ತಿನ್ನುವ ವಸ್ತುವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ಸಪ್ನಾ ಹೌದೆಂದು ಜೋರಾಗಿ ತಲೆಯಾಡಿಸಿದಳು. ಅವನು ನಂಬದೆ ಇನ್ನೊಮ್ಮೆ ಬಡಿದ.

“ಮುರದು ತೋರಿಸ್ರಿ ಅವ್ರಿಗೆ!”

ಕನ್ನಡ! ಅದೂ ತನ್ನೂರ ಕಡೆಯ ಕನ್ನಡ! ಸಪ್ನಾ ತಿರುಗಿ ನೋಡಿದಳು. ಕೊರಳಲ್ಲಿ ಕ್ಯಾಮೆರಾ, ಬೆನ್ನಿಗೆ ಬ್ಯಾಗು, ಕೆದರಿದ ಕೂದಲಿನ ಒಬ್ಬ ಯುವಕ. ಅವನೇ ಕೈ ಚಾಚಿ ರೊಟ್ಟಿ ಮುರಿದ, ಚಟ್ನಿ ಹಚ್ಚಿದ, ಅಧಿಕಾರಿಯ ಕಣ್ಣೆದುರೇ ಬಾಯಿಗಿಟ್ಟ. ಕರುಂ ಕುರುಂ ಸದ್ದು ಇಡೀ ಸಾಲಿಗೆ ಕೇಳಿಸಿತು.

ಅಧಿಕಾರಿ ನಕ್ಕು ಹೋಗಿರೆಂದು ಕೈಸನ್ನೆ ಮಾಡಿದ.

ಹೊರಗೆ ಬಂದೊಡನೆ ಸಪ್ನಾ ಕಣ್ಣು ಕೆಂಪಗೆ ಮಾಡಿದಳು. “ನನ್ನ ಬುತ್ತಿಗೆ ಕೈ ಹಾಕಾಕ ನೀವ್ಯಾರ್ರಿ?”

“ಹಸದಾಂವ ರೀ. ಶಹಾಪುರದ ಹಸದಾಂವ. ಹೆಸರು ದೇವಿಂದ್ರ.”

“ಶಹಾಪುರ?! ನಮ್ಮದು ದೇವಾಪುರ!”

“ಅಯ್ಯ! ನಿಮ್ಮೂರಾಗ ಎರಡು ಮದಿವಿ ಫೋಟೊ ಹೊಡದೀನಿ. ಊಟ ಭಾರಿ ಇತ್ತು. ಬೀಗರೇ ಜಗಳಗಂಟರು.”

ಸಪ್ನಾಳಿಗೆ ನಗು ತಡೆಯಲಾಗಲಿಲ್ಲ. ವಾಪಸ್ ಹೋಗುವ ಯೋಚನೆ ಯಾವಾಗ ಮರೆತುಹೋಯಿತೋ, ಅವಳಿಗೇ ಗೊತ್ತಾಗಲಿಲ್ಲ.

ಮದುವೆಗಳಿಲ್ಲದ ತಿಂಗಳೆಂದು ಅವನೂ ಒಬ್ಬನೇ ತಿರುಗಲು ಬಂದಿದ್ದ. ಇಬ್ಬರೂ ಒಂದೇ ಬಸ್ಸು ಹತ್ತಿದರು. ಅನುರಾಧಪುರದ ಬೋಧಿವೃಕ್ಷದ ಕೆಳಗೆ ಕೂತರು. ದಾರಿಯುದ್ದಕ್ಕೂ ದೇವಿಂದ್ರನ ತಮಾಷೆ ಮುಗಿಯುತ್ತಿರಲಿಲ್ಲ. ಆದರೆ ಮನಸ್ಸಿನ ಮಾತು ಬಂದಲ್ಲಿ ಮಾತ್ರ ಅವನು ಥಟ್ಟನೆ ಕ್ಯಾಮೆರಾದ ಹಿಂದೆ ಅಡಗುತ್ತಿದ್ದ.

ಪೊಲೊನ್ನರುವದಲ್ಲಿ, ಕಲ್ಲಿನಲ್ಲಿ ಮಲಗಿದ ಬುದ್ಧನ ಎದುರು ಸಪ್ನಾ ಉಸಿರು ಹಿಡಿದು ನಿಂತಳು.

“ನಮ್ಮ ಶಹಾಪುರದ ಗುಡ್ಡನೂ ಬುದ್ಧ ಮಲಗಿದಂಗ ಅದಲ್ಲ, ಹಂಗೇ ಕಾಣತಾನ...”

“ನಮ್ಮನಿ ಮಾಳಗಿ ಮ್ಯಾಲೆ ನಿಂತ್ರ ದಿನಾ ಕಾಣತಾನ್ರಿ,” ಎಂದ ದೇವಿಂದ್ರ, ಮೆಲ್ಲಗೆ.

ಪರದೇಶದಲ್ಲಿ ಇಬ್ಬರಿಗೂ ಒಂದೇ ಗುಡ್ಡ ನೆನಪಾಗಿತ್ತು. ಅಂಥ ನೆನಪನ್ನು ಸಪ್ನಾ ಯಾರ ಜೊತೆಗೂ ಹಂಚಿಕೊಂಡಿರಲಿಲ್ಲ.

ಅವನು ಅವಳತ್ತ ತಿರುಗಿದ. ಏನೋ ಹೇಳಲು ಬಾಯಿ ತೆರೆದ.

‘ಹೇಳು... ಹೇಳಿಬಿಡು!’

“ಚಟ್ನಿ ಇನ್ನ ಉಳದದೇನ್ರಿ?”

ಸಪ್ನಾ ಹಣೆ ಬಡಿದುಕೊಂಡು ಡಬ್ಬಿಯನ್ನೇ ಅವನ ಕೈಗಿಟ್ಟಳು. ಮರುದಿನ ಅವಳು ದ್ವೀಪದ ಉತ್ತರ ದಿಕ್ಕಿಗೆ ಒಬ್ಬಳೇ ಹೊರಡುವವಳಿದ್ದಳು. ಜಂಬ ಕೊಚ್ಚಿದ್ದಳಲ್ಲ!

“ನಮ್ಮ ಆಯಿ ಡಬ್ಬಿ ಅದು, ಅಜ್ಜಿ ಕಾಲದ್ದು. ಊರಿಗೆ ಹೋಗಿ ವಾಪಸ್ ಕೊಡ್ರಿ. ಖಾಲಿ ಕೊಡಬ್ಯಾಡ್ರಿ ಮತ್ತ!”

“ಖಾಲಿ ಡಬ್ಬಿ ಕೊಡೋ ಮನಿತನ ಅಲ್ಲ ರೀ ನಮ್ದು,” ಎಂದು ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

* * *

ಊರಿಗೆ ಮರಳಿದ ವಾರದಲ್ಲೇ ಅವಳ ಫೋನಿಗೆ ದೇವಿಂದ್ರ ತೆಗೆದ ಫೋಟೊಗಳು ಬಂದವು. ಬುದ್ಧನಿಗಿಂತ ಅವಳೇ ಹೆಚ್ಚಿದ್ದಳು! ಆದರೆ ಜೊತೆಗೆ ಒಂದು ಮಾತೂ ಇರಲಿಲ್ಲ.

“ಡಬ್ಬಿ?” ಎಂದು ಕೇಳಿದರೆ ಒಂದೇ ಉತ್ತರ... “ಕೊಡ್ತೀನ್ರಿ.”

ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ ಬಂತು. ಡಬ್ಬಿ ಬರಲಿಲ್ಲ.

“ಖಾಲಿ ಕೊಡಾಕ ನಾಚಿಗಿ, ತುಂಬಿ ಕೊಡಾಕ ಜಿಪುಣ! ಅದೆಂಥಾ ಫೋಟೊದಾಂವವ್ವ?” ಎಂದು ಅವ್ವ ಸುಂದ್ರಮ್ಮ ಕಾಡಿಸಿದಳು.

ಅಪ್ಪ ಮಹಾದೇವಪ್ಪನ ಪ್ರಶ್ನೆ ಬೇರೆಯೇ ಇತ್ತು. “ರವಿವಾರ ಗುರುಮಿಠಕಲ್‌ನವರು ನಿನ್ನ ನೋಡಾಕ ಬರ್ತೀವಿ ಅಂತಾರವ್ವ. ಏನ್ ಹೇಳ್ಲಿ?”

ಸಪ್ನಾಳ ಕಣ್ಣು ತುಂಬಿತು. ‘ಒಂದು ಡಬ್ಬಿ ಮುಟ್ಟಿಸಾಕ ಮನಸ್ಸಿಲ್ಲದಾಂವ... ಅವನ ಮನಸ್ಸಿನಾಗ ನಾ ಎಲ್ಲಿರ್ಲಿ?’

“ಮೊದಲ ಡಬ್ಬಿ ತರ್ತೀನಪ್ಪ. ಆಮ್ಯಾಲ ಹೇಳ್ತೀನಿ.”

ಶನಿವಾರ ಶಹಾಪುರದಲ್ಲಿ ಬಸ್ಸಿಳಿದಾಗ ಗುಡ್ಡದ ಬುದ್ಧ ನಿಶ್ಚಿಂತೆಯಿಂದ ಮಲಗಿದ್ದ. ಫೋಟೊ ಸ್ಟುಡಿಯೊ ದೇವಿಂದ್ರನ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಅವನಿರಲಿಲ್ಲ. ಅವನ ತಾಯಿ ರೇಣಮ್ಮ ಬಾಗಿಲಿಗೆ ಬಂದರು.

“ನಮ್ಮದೊಂದು ಡಬ್ಬಿ ಇತ್ರಿ...” ಸಪ್ನಾ ಬಿಗಿಯಾಗಿ ಹೇಳಿದಳು.

ರೇಣಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಲ್ಲಕ್ಕೆ ಕೈಯಿಟ್ಟರು. “ಯವ್ವ! ಆ ಡಬ್ಬಿ ನಿಂದೇನ? ಬಾ ಒಳಗ. ನಿನ್ನ ಡಬ್ಬಿ ಸಲುವಾಗಿ ನಾವೆಲ್ಲ ದಪ್ಪ ಆಗೀವಿ ನೋಡವ್ವ!”

“ಏನ್ರಿ?!”

“ಮುಂಜಾನೆ ಡಬ್ಬಿ ತುಂಬಾ ಶೇಂಗಾ ಉಂಡಿ ತುಂಬತಾನ. ಇವತ್ತ ದೇವಾಪುರಕ್ಕ ಹೋಗ್ತೀನಿ ಅಂತಾನ. ಸಂಜಿಕ ‘ಇದು ಸಾಲಂಗಿಲ್ಲ ಅವ್ವ, ತಿಂದು ಬಿಡ್ರಿ’ ಅಂತಾನ! ಕರಜಿಕಾಯಿ ಆತು, ಬೇಸನ್ ಉಂಡಿ ಆತು, ನಿನ್ನೆ ಖರ್ಜೂರ. ಏನ್ ತುಂಬಿದ್ರ ಸಾಕಾಗ್ತದವ್ವ ನಿಂಗ?”

ಕ್ಯಾಮೆರಾಗಳ ನಡುವೆ ಆಯಿಯ ಡಬ್ಬಿ ಇತ್ತು. ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ಸಪ್ನಾಳಿಗೆ ನಗು, ಅಳು ಒಟ್ಟಿಗೇ ಬಂದವು.

ಆಗಲೇ ದೇವಿಂದ್ರ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಮಿಠಾಯಿಯ ಪೊಟ್ಟಣ. ಅವಳನ್ನು ಕಂಡು ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿದ.

“ಡಬ್ಬಿ... ತಡಾ ಆತ್ರಿ. ತಕ್ಕದ್ದು ಏನೂ ಸಿಗಲಿಲ್ಲ.”

ಸಪ್ನಾ ಫೋನ್ ತೆಗೆದು ಅಪ್ಪನಿಗೆ ಹಚ್ಚಿದಳು. “ಅಪ್ಪಾ, ರವಿವಾರ ಬರೋರಿಗೆ ಬ್ಯಾಡ ಅಂತ ಹೇಳು.”

“ಯಾಕವ್ವ? ಡಬ್ಬಿ ಸಿಕ್ತೇನು?”

“ಸಿಕ್ತು. ಆದ್ರ ತರಂಗಿಲ್ಲ. ಅದು ಇಲ್ಲೇ ಇರ್ತದ.”

ದೇವಿಂದ್ರನ ಕಿವಿ ಕೆಂಪಾದವು. “ಅದು ಇನ್ನ ಖಾಲಿನೇ ಅದರಿ...”

“ಇರ್ಲಿ ಬಿಡು. ನಾನೇ ಬಂದು ತುಂಬತೀನಿ.”

ಮೊದಲ ಸಲ ಅವಳ ಮಾತಿನಿಂದ ‘ರೀ’ ಬಿದ್ದುಹೋಗಿತ್ತು. ಅವನು ನಗುತ್ತ ಪೊಟ್ಟಣ ಬಿಚ್ಚಿ ಅವಳ ಮುಂದೆ ಹಿಡಿದ.

“ತಗೋ,” ಎಂದ.

ನಿನ್ನನ್ನು ಪ್ರೀತಿಸುತ್ತೇನೆ ಎಂದು ದೇವಿಂದ್ರ ಅವತ್ತೂ ಹೇಳಲಿಲ್ಲ.