ಎಸಳ ಮೇಲಿನ ನೀಲಿ ಚುಕ್ಕೆ

ಗೋಡೆಯ ಮೇಲೆ ಮೊಳೆ ಇತ್ತು. ಚಿತ್ರ ಇರಲಿಲ್ಲ.

ಫೋಟೋ ಪ್ರದರ್ಶನದ ಎರಡನೇ ದಿನ. ಬಾಗಿಲು ತೆರೆದ ಅತ್ತಿಗೆ ಆ ಬೋಳು ಮೊಳೆಯನ್ನೇ ನೋಡುತ್ತಾ ನಿಂತುಬಿಟ್ಟರು. ಆಮೇಲೆ ನಾದಿನಿಗೆ ಫೋನ್ ಮಾಡಿದರು. ನಾದಿನಿ ಪೊಲೀಸ್ ಇನ್ಸ್‌ಪೆಕ್ಟರ್. ಊರಿಗೆಲ್ಲ 'ಮೇಡಂ', ಅತ್ತಿಗೆಗೆ ಮಾತ್ರ 'ಪುಟ್ಟಿ'.

"ನನ್ನ ಬಿಳಿ ಹೂವು ಹೋಯ್ತು ಕಣೇ ಪುಟ್ಟಿ!"

ಆ ಕಾಡುಹೂವು ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಅಷ್ಟೇ. ಅತ್ತಿಗೆ ಬಯಲಲ್ಲಿ ಬೋರಲು ಮಲಗಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕ್ಯಾಮೆರಾ ಸರಿಸುತ್ತಾ ಹತ್ತಾರು ಫೋಟೋ ತೆಗೆದು, ಎಲ್ಲವನ್ನೂ ಒಂದಾಗಿ ಜೋಡಿಸಿ, ಹೂವನ್ನು ಬಾಗಿಲಗಲ ಮಾಡಿದ್ದರು. "ಕಳೆ ಗಿಡಕ್ಕೆ ಇಷ್ಟು ಉಪಚಾರಾನಾ?" ಎಂದು ನಗುತ್ತಿದ್ದ ಪುಟ್ಟಿಯ ಅಣ್ಣ, ಚಿತ್ರ ನೋಡಿದ ಮೇಲೆ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ್ದ.

ಇನ್ಸ್‌ಪೆಕ್ಟರ್ ಬಂದಳು. ಕಣ್ಣು ಕೆಂಪಗಿತ್ತು. ಹಿಂದಿನ ಶನಿವಾರ ಬಿಳಿ ವ್ಯಾನೊಂದು ಪೇಪರ್ ಹಾಕುವ ಅಜ್ಜನಿಗೆ ಗುದ್ದಿ ಓಡಿಹೋಗಿತ್ತು. ಅಜ್ಜನ ಕಾಲು ಮುರಿದಿತ್ತು. ಅಂದಿನಿಂದ ಬಿಳಿ ವ್ಯಾನು ಹುಡುಕಿ ಹುಡುಕಿ ಅವಳು ಹಣ್ಣಾಗಿದ್ದಳು.

ಬೀಗ ಒಡೆದಿರಲಿಲ್ಲ.

"ಕೀಲಿ ಯಾರ್ಯಾರ ಹತ್ರ ಇದೆ ಅತ್ತಿಗೆ?"

"ನನ್ನ ಹತ್ರ. ನಮ್ಮ ಫೋಟೋ ಕೂಟದ ಅಧ್ಯಕ್ಷರ ಹತ್ರ. ಚಿತ್ರ ತೂಗುಹಾಕೋಕೆ ಅಂತ ಫ್ರೇಮ್ ಅಂಗಡಿಯವರಿಗೂ ಕೊಟ್ಟಿದ್ವಿ."

\* \* \*

ಅಧ್ಯಕ್ಷರು ಹಲ್ಲಿನ ಡಾಕ್ಟರು. ತೆಗೆಯುವುದು ಹಕ್ಕಿಗಳ ಫೋಟೋ. ಅವರ ಹದ್ದಿನ ಚಿತ್ರವನ್ನು ಮೂಲೆಗೆ ಸರಿಸಿ ಆ ಜಾಗದಲ್ಲಿ ಹೂವು ತೂಗುಹಾಕಿದ್ದರು.

"ಹೊಟ್ಟೆ ಉರೀತು, ನಿಜ," ಎಂದರು ಡಾಕ್ಟರು. "ಆದ್ರೆ ಅದು ಮೋಸದ ಚಿತ್ರ ಮೇಡಂ. ಎಸಳ ಮೇಲೆ ನೀಲಿ ಚುಕ್ಕೆ. ಯಾರೋ ಬಣ್ಣ ಚಿಮುಕಿಸಿದ್ದಾರೆ. ಅದನ್ನೇ ಬಂದವರಿಗೆಲ್ಲ ತೋರಿಸ್ತಿದ್ದೆ. ಕದ್ರೆ ನನ್ನ ಸಾಕ್ಷೀನೇ ಹೋಗುತ್ತಲ್ಲ!"

ಮಾತು ಸರಿಯೇ.

ಅತ್ತಿಗೆ ಕಂಪ್ಯೂಟರಿನಲ್ಲಿ ಮೂಲ ಚಿತ್ರ ತೆರೆದರು. ಎಸಳ ತುಂಬ ನೀಲಿ ಚುಕ್ಕೆಗಳು. ದುಂಡಗೆ, ಮಿರಮಿರ.

"ಹುಳದ ಮೊಟ್ಟೆ ಅಂದ್ಕೊಂಡಿದ್ದೆ ಕಣೇ."

"ಮೊಟ್ಟೆ ಅಲ್ಲ. ಸ್ಪ್ರೇ ಬಣ್ಣ, ಗಾಳೀಲಿ ತೇಲಿ ಬಂದು ಕೂತಿದೆ. ಎಲ್ಲಿ ತೆಗೆದಿದ್ದು?"

"ಫ್ರೇಮ್ ಅಂಗಡಿಯವರ ಶೆಡ್ಡಿನ ಹಿಂದೆ. ನಿನ್ನೆ ಅವರಿಗೂ ಹೇಳ್ದೆ. ಯಾಕೋ, ಮುಖ ಸಪ್ಪಗಾಯ್ತು."

"ಯಾವತ್ತು?"

"ಅಜ್ಜನಿಗೆ ವ್ಯಾನು ಗುದ್ದಿತಲ್ಲ, ಅದರ ಮರುದಿನ, ಭಾನುವಾರ ಮಧ್ಯಾಹ್ನ. ಈ ಹೂವು ಬೆಳಿಗ್ಗೆ ಅರಳಿ ಸಂಜೆಗೆ ಬಾಡುತ್ತೆ. ಒಂದೇ ದಿನದ ಆಯಸ್ಸು."

ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡಳು.

\* \* \*

ಶೆಡ್ಡಿನಲ್ಲಿ ನೀಲಿ ವ್ಯಾನು ನಿಂತಿತ್ತು.

"ಹಳೇ ಬಣ್ಣ ಮೇಡಂ. ವರ್ಷ ಆಯ್ತು," ಎಂದ ಫ್ರೇಮ್ ಅಂಗಡಿಯವ.

ಅವಳು ಬಾಗಿಲಂಚನ್ನು ಉಗುರಿನಿಂದ ಕೆರೆದಳು. ಒಳಗೆ ಬಿಳಿ. ಗಾಜಿನ ಹಾಳೆಗಳ ಹಿಂದೆ, ಗೋಡೆಗೆ ಮುಖಮಾಡಿ ಹೂವಿನ ಚಿತ್ರ ನಿಂತಿತ್ತು.

"ಶನಿವಾರ ಗುದ್ದಿದ್ರಿ. ಭಾನುವಾರ ಬಣ್ಣ ಹೊಡೆದ್ರಿ," ಎಂದಳು. "ಆ ಹೂವು ಅರಳಿದ್ದೂ ಭಾನುವಾರ, ಬಾಡಿದ್ದೂ ಭಾನುವಾರ. ಅದರ ಮೇಲಿನ ಬಣ್ಣ ಹಿಂದಿನ ವರ್ಷದ್ದು ಹೇಗಾಗುತ್ತೆ? ಡಾಕ್ಟರು ಬಣ್ಣ ಅಂದ್ರು, ಅತ್ತಿಗೆ ಜಾಗ ಹೇಳಿದ್ರು. ನಿಮಗೆ ನಡುಕ ಹುಟ್ತು. ಸುಮ್ನಿದ್ದಿದ್ರೆ ನಾನು ಆ ಚಿತ್ರದ ಕಡೆ ತಿರುಗೀನೂ ನೋಡ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅನ್ನೋಕೆ ಮುಂಚೇನೇ ಹೆಗಲು ಮುಟ್ಟಿ ನೋಡ್ಕೊಂಡ್ರಿ."

ಅವನು ವ್ಯಾನಿನ ಕೀಲಿ ತೆಗೆದು ಅವಳ ಕೈಗಿಟ್ಟ. "ಅಜ್ಜ... ಹೇಗಿದ್ದಾರೆ?"

"ಬದುಕಿದ್ದಾರೆ. ನಿಮ್ಮ ಪುಣ್ಯ. ನಡೀರಿ."

\* \* \*

ಚಿತ್ರ ಮತ್ತೆ ಗೋಡೆಗೇರಿತು. ಡಾಕ್ಟರು ಅತ್ತಿಗೆಯ ಕ್ಷಮೆ ಕೇಳಿದರು. ಆಸ್ಪತ್ರೆಯಲ್ಲಿ ಅಜ್ಜ, "ಕಳೆ ಗಿಡ ನನ್ನ ಪರ ಸಾಕ್ಷಿ ಹೇಳ್ತೇನಮ್ಮ?" ಎಂದು ಬೊಚ್ಚುಬಾಯಿ ತುಂಬ ನಕ್ಕರು.

ಮುಂದಿನ ಭಾನುವಾರ ಇನ್ಸ್‌ಪೆಕ್ಟರ್ ಅತ್ತಿಗೆಯ ಪಕ್ಕದಲ್ಲಿ ಬೋರಲು ಮಲಗಿ ಲೆನ್ಸಿಗೆ ಕಣ್ಣಿಟ್ಟಿದ್ದಳು. ಎಸಳಿನ ನರನರವೂ ಬೆಳಕು ಕುಡಿದು ಹೊಳೆಯುತ್ತಿತ್ತು.

"ಉಸಿರು ಬಿಡ್ಬೇಡ ಕಣೇ, ಹೂವು ಅಲ್ಲಾಡುತ್ತೆ," ಅತ್ತಿಗೆ ಪಿಸುಗುಟ್ಟಿದರು.

ಗಸ್ತಿನ ಪೇದೆ ಗಾಬರಿಯಿಂದ ಓಡಿಬಂದ. "ಮೇಡಂ, ಏನಾದ್ರೂ ಸಿಕ್ತಾ?"

"ಸಿಕ್ತು," ಎಂದಳು ಅವಳು, ಕಣ್ಣು ತೆಗೆಯದೆ. "ಬೂಟು ಅಲ್ಲೇ ಬಿಟ್ಟು ಬಾ. ನೀನೂ ಮಲಗಿ ನೋಡು."