ಬಾನಿಗೆ ಬೇಕಾದ ನಾಲಿಗೆ

"ಸಾವಿನ ಮನೆಗೆ ಹೋಗ್ಬಂದ ಕೈನ ಬಣ್ಣದ ಬಾನಿಗೆ ಅದ್ದಿದ್ಯಲ್ಲೇ, ಪಾಪಿ! ಕೊಂದ್ಬಿಟ್ಯಲ್ಲೇ ಅದನ್ನ!"

ಅತ್ತೆ ನಾನ್‌ಯಿಂಗ್‌ಳ ಕೂಗಿಗೆ ಡೋಂಗ್ ಕೇರಿಯ ಹೆಂಗಸರೆಲ್ಲ ಅಂಗಳಕ್ಕೆ ಬಂದರು. ಸೊಸೆ ಯಿನ್‌ಶ್ಯಾ ತಲೆ ತಗ್ಗಿಸಿ ನಿಂತಿದ್ದಳು. ಬಟ್ಟೆಗೆ ಬಣ್ಣ ಕಟ್ಟುವ ನೀಲಿ ಬಾನಿಯಲ್ಲಿ, ಅದು ಬದುಕಿದೆ ಎನ್ನಲು ಬೇಕಾದ ನೊರೆಯೇ ಇರಲಿಲ್ಲ. ಪೇಟೆಯವರು ಕೇಳಿದ್ದ ಹೊಳಪಿನ ಬಟ್ಟೆ ಮಾಡಿ ಮಾರಿದರೆ ಕಾರ್ಖಾನೆಯಲ್ಲಿ ದುಡಿಯುವ ಗಂಡ ಮನೆಗೆ ಮರಳಬಹುದಿತ್ತು. ಇಲ್ಲವಾದರೆ ನಾಳೆ ಬರುವ ಕಾರ್ಖಾನೆಯ ವ್ಯಾನಿನಲ್ಲಿ ಅವಳೂ ದುಡಿಯಲು ಹೋಗಬೇಕು. ನಾಲ್ಕು ವರ್ಷದ ಮಗಳನ್ನು ಬಿಟ್ಟು... ಅಯ್ಯೋ!

"ಪೇಟೆ ಬಣ್ಣದ ಪುಡಿ ಕಲಸ್ಬಿಡಿ, ಅಕ್ಕ. ಯಾರಿಗೆ ಗೊತ್ತಾಗುತ್ತೆ?" ಎಂದಳು ಪಕ್ಕದ ಮನೆಯ ಶುಝೆನ್.

"ಅಂಥ ಬಟ್ಟೆ ಉಟ್ಕೊಂಡು ಹಬ್ಬದಲ್ಲಿ ನಮ್ಮ ಹಾಡು ಹಾಡೋಕೆ ನಿಂಗೆ ನಾಚ್ಕೆ ಆಗಲ್ವೇನೇ?" ಎಂದು ಅತ್ತೆ ಗದರಿದಳು.

ಯಿನ್‌ಶ್ಯಾ ಬಾನಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ನಾಲಿಗೆ ಸುಟ್ಟಂತಾಯಿತು. ಬೂದಿನೀರು! ಯಾರೂ ಹಾಕದಷ್ಟು ಬೂದಿನೀರು! ಅದು ಅತಿಯಾದರೆ ಬಾನಿ ಸಾಯುತ್ತದೆ. ರುಚಿ ನೋಡಿ ಹದಕ್ಕೆ ತಕ್ಕಂತೆ ಅದನ್ನು ಸುರಿಯುವ ಹಕ್ಕು ಈ ಮನೆಯಲ್ಲಿ ಅತ್ತೆಯೊಬ್ಬಳದೇ. ಬೆಳಿಗ್ಗೆ ಬಾಯಿಗಿಡಲಾಗದಷ್ಟು ಉಪ್ಪಾಗಿದ್ದ ಸಾರಿಗೆ ಅವಳು ಇನ್ನಷ್ಟು ಉಪ್ಪು ಕೇಳಿದ್ದು ಸೊಸೆಗೆ ಆಗ ನೆನಪಾಯಿತು. ಊರಿನ ಬಾನಿಗಳೆಲ್ಲ ಈ ಮುದುಕಿಯ ನಾಲಿಗೆಯನ್ನೇ ನಂಬಿದ್ದವು. ಅದು ಹೋಯಿತೆಂದು ತಿಳಿದರೆ ಇವಳನ್ನು ಯಾರು ಕೇಳುತ್ತಾರೆ?

"ಹೌದು ಅತ್ತೆ... ಚಿಕ್ಕಪ್ಪನ ಹೆಣ ಮುಟ್ಟಿದ ಕೈ. ನಂದೇ ತಪ್ಪು. ನಾಳೆ ಹೊರಟೋಗ್ತೀನಿ, ಮಗೂನ ನೋಡ್ಕೊಳ್ಳಿ" ಎಂದಳು. ಕೊನೆಯ ಮಾತು ಅಳುವಿನಲ್ಲಿ ಮುಳುಗಿತು.

ಸೊಸೆಯ ಬೆರಳಿನ ನೀಲಿಯನ್ನೂ ಉರಿಗೆ ಕೆಂಪಾದ ತುಟಿಯನ್ನೂ ಅತ್ತೆ ದಿಟ್ಟಿಸಿದಳು. ಅವಳ ಮುಖ ಬಿಳಿಚಿಕೊಂಡಿತು.

"ರುಚಿ ನೋಡಿದ್ಯಾ?"

ಯಿನ್‌ಶ್ಯಾ ಬೆರಳನ್ನು ಬೆನ್ನ ಹಿಂದೆ ಮರೆಮಾಡಿದಳು.

"ಗೊತ್ತಿದ್ದೂ ನನ್ನ ತಪ್ಪನ್ನ ತಲೆಗೆ ಕಟ್ಕೊಂಡ್ಯಾ, ಹುಚ್ಚಿ?" ಮುದುಕಿ ಹೆಂಗಸರ ಕಡೆ ತಿರುಗಿದಳು. "ಕೇಳ್ರೇ! ನನ್ನ ನಾಲಿಗೆ ಸತ್ತು ಎರಡು ವರ್ಷ ಆಯ್ತು. ಬಾಯ್ಬಿಟ್ಟು ಹೇಳೋಕೆ ಹೆದರ್ಕೊಂಡು ಅಂದಾಜಲ್ಲೇ ಸುರೀತಿದ್ದೆ... ಬಾನಿ ಕೊಂದೋಳು ನಾನು!"

ಅತ್ತೆ ಒಳಗಿನಿಂದ, ಬಾನಿಗೆ ಮತ್ತೆ ಜೀವ ತುಂಬುವ ಅಕ್ಕಿಮದ್ಯದ ಗಡಿಗೆ ಹೊತ್ತು ತಂದು ಸೊಸೆಯ ಮುಂದಿಟ್ಟಳು.

"ಎಷ್ಟು ಹಾಕ್ಲಿ, ನೀನೇ ಹೇಳು."

"ಬಾನಿ ಏಳೋಕೆ ಐದು ದಿನ ಬೇಕು, ಅತ್ತೆ. ಎದ್ದರೆ... ವ್ಯಾನು ನಾಳೇನೇ ಬರುತ್ತೆ."

"ಬರ್ಲಿ, ನಾನೇ ವಾಪಸ್ ಕಳಿಸ್ತೀನಿ. ನೀನು ಹೋದ್ರೆ ಈ ಊರಿಗೆ ಇನ್ನೊಂದು ನಾಲಿಗೆ ಎಲ್ಲಿಂದ ತರ್ಲಿ, ಮಗಳೇ?"

ಯಿನ್‌ಶ್ಯಾ ಬಿಕ್ಕುತ್ತಲೇ ಬಾನಿಗೆ ಮತ್ತೆ ಬೆರಳದ್ದಿದಳು. ಅತ್ತೆ ಗಡಿಗೆ ಬಗ್ಗಿಸಿಕೊಂಡು, ಅವಳು ಹೇಳುವುದನ್ನೇ ಕಾಯುತ್ತಾ ನಿಂತಳು.